ಟ್ರೈಲ್‌ಗೆ ಫುಲ್ ಸಸ್ಪೆನ್ಷನ್ ಸೈಕಲ್: ಕೊಳ್ಳುವ ಮುಂಚೆ, ಕೊಂಡ ಮೇಲೆ

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡೋಣ. ಊರಿನ ಸೈಕಲ್ ಅಂಗಡಿಗಳಲ್ಲಿ ‘ಡಬಲ್ ಶಾಕ್’ ಅಂತ ಹತ್ತು ಹದಿನೈದು ಸಾವಿರಕ್ಕೆ ಸಿಗುತ್ತದಲ್ಲ, ಸೀಟಿನ ಕೆಳಗೆ ಕೆಂಪು ಸ್ಪ್ರಿಂಗ್ ಇರುವ ಸೈಕಲ್, ಈ ಲೇಖನ ಅದರ ಬಗ್ಗೆ ಅಲ್ಲ. ಅದು ನೋಡೋಕೆ ಜೋರಾಗಿದೆ. ತುಳಿಯೋಕೆ ಹೋದರೆ ಪ್ರತಿ ಪೆಡಲ್‌ಗೂ ಕುಪ್ಪಳಿಸುತ್ತದೆ. ಒತ್ತಿದ ಸ್ಪ್ರಿಂಗನ್ನು ಹದವಾಗಿ ವಾಪಸ್ ಬಿಡುವ ಎಣ್ಣೆಯ ಡ್ಯಾಂಪರ್ ಸಾಮಾನ್ಯವಾಗಿ ಅದರಲ್ಲಿ ಇರುವುದೇ ಇಲ್ಲ. ನಿಮ್ಮ ಬಜೆಟ್ ಅಷ್ಟೇ ಆಗಿದ್ದರೆ ಶಾಕ್ ಎಲ್ಲೂ ಇಲ್ಲದ, ದಪ್ಪ ಟೈರಿನ ಸೈಕಲ್ ತಗೊಳ್ಳಿ. ಹಗುರವೂ ಇರುತ್ತದೆ, ರಿಪೇರಿಯೂ ಕಮ್ಮಿ.

ನಾನು ಹೇಳಹೊರಟಿರುವುದು ಗಾಳಿ ತುಂಬಿಸುವ ಶಾಕ್, ಎಣ್ಣೆ ಡ್ಯಾಂಪರ್, ಬೇರಿಂಗ್‌ಗಳ ಮೇಲೆ ಆಡುವ ಹಿಂಭಾಗ, ಇಷ್ಟೂ ಇರುವ ಫುಲ್ ಸಸ್ಪೆನ್ಷನ್, ಅಂದರೆ ಮುಂದೂ ಹಿಂದೂ ಶಾಕ್ ಇರುವ, ಕಾಡು ಬೆಟ್ಟದ ದಾರಿಯ (ಟ್ರೈಲ್) ಸೈಕಲ್ ಬಗ್ಗೆ. ಹೊಸದಾದರೆ ಲಕ್ಷಗಳ ಲೆಕ್ಕದಲ್ಲೇ ಮಾತು. ಅಷ್ಟು ದುಡ್ಡು ಹಾಕುವಾಗ ತಪ್ಪು ಮಾಡಬಾರದು, ಅಲ್ವಾ? ನಾನು ಮಾಡಿದೆ.

ನನ್ನ ಮೊದಲ ಫುಲ್ ಸಸ್ಪೆನ್ಷನ್ ಸೆಕೆಂಡ್ ಹ್ಯಾಂಡ್. ಹಿಂದೆ ಮುಂದೆ 170 ಮಿ.ಮೀ. ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ಅಳತೆ), ಎಲ್ ಸೈಜು. ಕೆನಡಾದ ಹುಡುಗರು ಬಂಡೆಯಿಂದ ಬಂಡೆಗೆ ಹಾರುವ ವೀಡಿಯೊ ನೋಡಿ ನೋಡಿ ತಲೆ ಕೆಟ್ಟಿತ್ತು. ಭಾನುವಾರ ಅದನ್ನು ತುರಹಳ್ಳಿ ಕಾಡಿಗೆ ತಗೊಂಡು ಹೋದೆ. ಏರಿನಲ್ಲಿ ಹತ್ತಿ ಹಾಸಿಗೆ ಮೇಲೆ ಓಡಿದ ಹಾಗಾಯಿತು. ಇಳಿಜಾರು ಬಂತು ಅನ್ನುವಷ್ಟರಲ್ಲಿ ಮುಗಿದೇ ಹೋಗಿತ್ತು. ಸೈಕಲ್ ಇನ್ನೂ ಎಚ್ಚರವೇ ಆಗಿರಲಿಲ್ಲ. ಮೆಕ್ಯಾನಿಕ್ ಹುಡುಗ ಮೊದಲ ದಿನವೇ ಹೇಳಿದ್ದ: “ಸಾರ್, ಸೈಕಲ್ ಸೂಪರ್. ಆದ್ರೆ ಇಲ್ಲಿ ಇದಕ್ಕೆ ಕೆಲಸ ಇಲ್ಲ.” ಆರು ತಿಂಗಳಿಗೆ ನಷ್ಟದಲ್ಲಿ ಮಾರಿದೆ.

1. ಹಿಂದಿನ ಹತ್ತು ಸವಾರಿ ಬರೆದುಕೊಳ್ಳಿ

ಸ್ಪೆಸಿಫಿಕೇಷನ್ ಓದುವ ಮುಂಚೆ ಒಂದು ಕಾಗದ ತಗೊಳ್ಳಿ. ಕಳೆದ ಹತ್ತು ಸಲ ಎಲ್ಲೆಲ್ಲಿ ಸೈಕಲ್ ಹೊಡೆದಿರಿ? ಮುಂದಿನ ವರ್ಷ ಮನಾಲಿಗೆ ಹೋಗುವ ಪ್ಲಾನ್ ಲೆಕ್ಕಕ್ಕಿಲ್ಲ. ಆಗಲೇ ಹೋಗಿ ಬಂದದ್ದು ಮಾತ್ರ.

ಹತ್ತರಲ್ಲಿ ಏಳೆಂಟು ಸಲ ಟಾರು ರಸ್ತೆ, ಹಳ್ಳಿಯ ಮಣ್ಣುದಾರಿ, ಕೆರೆ ಏರಿ ಅಂತಿದ್ದರೆ ನಿಮಗೆ ಫುಲ್ ಸಸ್ಪೆನ್ಷನ್ ಬೇಡವೇ ಬೇಡ. ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್ ಸಾಕು. ಉಳಿದ ದುಡ್ಡಿಗೆ ಒಳ್ಳೆಯ ಬ್ರೇಕು, ಟೈರು ಬರುತ್ತವೆ.

ಬೆಂಗಳೂರಿನ ಸುತ್ತ ಕಾಡುದಾರಿ ಹೊಡೆಯುವವರಿಗೆ ನೆಲ ಹೇಗಿರುತ್ತದೆ ಅಂತ ಗೊತ್ತು. ಕೆಳಗೆ ಗಟ್ಟಿ ನೆಲ, ಮೇಲೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಜಲ್ಲಿ. ನಡುವೆ ಬೋಳು ಬಂಡೆ. ಏರು ಚಿಕ್ಕದು, ಆದರೆ ಚೂಪು. ಇಳಿಜಾರು ಒಂದೆರಡು ನಿಮಿಷಕ್ಕೆ ಮುಗಿಯುತ್ತದೆ. ಮಲೆನಾಡಿನ ತೋಟದ ದಾರಿಗಳು ಬೇರೆಯದೇ ಜಾತಿ. ಒಂದೇ ಸಮನೆ ಕಿಲೋಮೀಟರ್‌ಗಟ್ಟಲೆ ಏರು, ಆಮೇಲೆ ಅಷ್ಟೇ ಇಳಿಜಾರು, ಕೊಳೆತ ಎಲೆ, ಒದ್ದೆಯಾದರೆ ಸಾಬೂನಿನಂತೆ ಜಾರುವ ಜಂಬಿಟ್ಟಿಗೆ ಮಣ್ಣು. ಎರಡು ಕಡೆಗೂ ಒಂದೇ ಸೈಕಲ್ ಸಾಕಾಗುತ್ತದಾ? ಆಗುತ್ತದೆ. ‘ಟ್ರೈಲ್’ ಅನ್ನುವ ವರ್ಗ ಇರುವುದೇ ಅದಕ್ಕೆ. ವ್ಯಾಂಕೂವರ್ ಪಕ್ಕದ ನಾರ್ತ್ ಶೋರ್ ಬೆಟ್ಟದ ಬುಡದಲ್ಲಿ ಮನೆ ಮಾಡಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ನಿಮ್ಮ ಲೆಕ್ಕ ಬೇರೆ. ನಾನು ಮಾರಿದ 170 ನಿಮಗೇ ಸರಿ.

2. ಟ್ರಾವೆಲ್ ಎಷ್ಟು ಬೇಕು

ಟ್ರಾವೆಲ್ ಅಂದರೆ ಚಕ್ರ ಎಷ್ಟು ಮಿ.ಮೀ. ಮೇಲಕ್ಕೆ ಹೋಗಿ ಬರುತ್ತದೆ ಅನ್ನುವ ಅಳತೆ. ಸುಮಾರು 100ರಿಂದ 120 ರೇಸಿನವರ ಕ್ರಾಸ್ ಕಂಟ್ರಿ. 120ರಿಂದ 150 ಟ್ರೈಲ್. 160, 170 ಎಂಡ್ಯೂರೊ, ಉದ್ದದ ಒರಟು ಇಳಿಜಾರಿಗೆ. 200 ಡೌನ್‌ಹಿಲ್, ಅದನ್ನು ಬೆಟ್ಟದ ಮೇಲಕ್ಕೆ ಸಾಗಿಸೋಕೆ ಜೀಪು ಬೇಕು.

ನನ್ನ ಸಲಹೆ: ಹಿಂದೆ 120ರಿಂದ 135, ಮುಂದೆ 130ರಿಂದ 150. ಸಾಂತಾ ಕ್ರೂಜ್ ಟಾಲ್‌ಬಾಯ್ ಹಿಂದೆ 120, ಮುಂದೆ 130 ಇರುವ ಸೈಕಲ್. ಜಯಂಟ್ ಟ್ರಾನ್ಸ್ ಎಕ್ಸ್‌ನ 2021ರ ಮಾದರಿ 135 ಮತ್ತು 150. ಟ್ರೆಕ್ ಫ್ಯೂಯೆಲ್ ಇಎಕ್ಸ್‌ನ 2022ರಲ್ಲಿ ಬಂದ ಮಾದರಿ 140 ಮತ್ತು 150. ಇವುಗಳಲ್ಲಿ ಇಂಥದ್ದೇ ತಗೊಳ್ಳಿ ಅಂತ ಹೇಳುತ್ತಿಲ್ಲ. ಸೈಕಲ್ ನೋಡುವಾಗ ಅಂದಾಜಿಗೆ ಇರಲಿ ಅಂತ. ಬೆಲೆ ಸ್ವಲ್ಪ ಕೈಗೆಟುಕುವ ಸಾಲಿನಲ್ಲಿ ಇಂಡೋನೇಷ್ಯಾದ ಪಾಲಿಗನ್ ಕಂಪನಿಯ ಸಿಸ್ಕಿಯು, ಮರಿನ್ ಕಂಪನಿಯ ರಿಫ್ಟ್ ಝೋನ್ ಇವೆ. ಅಂದಹಾಗೆ, ಮರಿನ್ ಅನ್ನುವುದು ಕ್ಯಾಲಿಫೋರ್ನಿಯಾದ ಒಂದು ಕೌಂಟಿಯ ಹೆಸರು. ಮೌಂಟನ್ ಬೈಕ್ ಹುಟ್ಟಿದ್ದೇ ಅಲ್ಲಿ. 1976ರಲ್ಲಿ ಅಲ್ಲಿನ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಬೆಟ್ಟ ಇಳಿಯುವ ರೇಸ್ ಶುರು ಮಾಡಿದರು. ರೇಸಿಗೆ ‘ರಿಪ್ಯಾಕ್’ ಅಂತ ಹೆಸರು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಬ್ರೇಕ್ ಹಬ್ಬಿನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು, ಮತ್ತೆ ಬಿಚ್ಚಿ ಗ್ರೀಸ್ ತುಂಬಬೇಕಿತ್ತು. ಅದಕ್ಕೇ ಆ ಹೆಸರು.

ಟ್ರಾವೆಲ್ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಕೇಳುತ್ತಾರೆ. ಅಲ್ಲ. ಅದರ ಜೊತೆ ತೂಕ ಬರುತ್ತದೆ. ನಿಧಾನದ ತಿರುವುಗಳಲ್ಲಿ ಸೈಕಲ್ ಸೋಮಾರಿಯಾಗುತ್ತದೆ. ಚಿಕ್ಕ ಉಬ್ಬಿನ ಮೇಲೆ ಹಾರಬೇಕು ಅಂತ ಒತ್ತಿದರೆ ನಿಮ್ಮ ಒತ್ತನ್ನು ಶಾಕೇ ನುಂಗಿಬಿಡುತ್ತದೆ.

ಚಕ್ರದ ವಿಷಯ ಬೇಗ ಮುಗಿಸುತ್ತೇನೆ. 29 ಇಂಚು ತಗೊಳ್ಳಿ. ಐದಡಿ ಮೂರಿಂಚಿಗಿಂತ ಕುಳ್ಳಗಿರುವವರು 27.5 ಅಥವಾ ಮುಂದೆ 29, ಹಿಂದೆ 27.5 ಇರುವ ‘ಮಲೆಟ್’ ಓಡಿಸಿ ನೋಡಿ. 26 ಇಂಚಿನ ಹಳೆಯ ಸೈಕಲ್ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಒಳ್ಳೆಯ ಟೈರು, ಫೋರ್ಕು (ಮುಂದಿನ ಚಕ್ರ ಹಿಡಿಯುವ ಶಾಕ್ ಕಾಲುಗಳು) ಹುಡುಕುತ್ತಾ ಅಲೆಯಬೇಕಾಗುತ್ತದೆ.

3. ಸೈಜು: ಇಲ್ಲಿ ಅವಸರ ಬೇಡ

ದುಡ್ಡು ಹಾಕಿ ಸರಿಪಡಿಸೋಕೆ ಆಗದ್ದು ಇದೊಂದೇ. ಬ್ರೇಕು ಬದಲಿಸಬಹುದು, ಟೈರು ಬದಲಿಸಬಹುದು. ಫ್ರೇಮ್ ಉದ್ದ ಬದಲಿಸೋಕಾಗಲ್ಲ.

ಹಳೆಯ ಅಭ್ಯಾಸದಲ್ಲಿ ನಾವು ಸೀಟಿನ ಮೇಲೆ ಕೂತು, ಕಾಲು ನೆಲಕ್ಕೆ ಎಟಕುತ್ತದಾ ಅಂತ ನೋಡಿ ಸೈಜು ಹೇಳುತ್ತೇವೆ. ಟ್ರೈಲ್ ಸೈಕಲ್‌ಗೆ ಆ ಪರೀಕ್ಷೆ ಸಾಲದು. ಇಳಿಜಾರಿನಲ್ಲಿ ನೀವು ಕೂತಿರುವುದಿಲ್ಲ, ಪೆಡಲ್ ಮೇಲೆ ನಿಂತಿರುತ್ತೀರಿ. ಆಗ ಕೈಗೂ ಕಾಲಿಗೂ ಎಷ್ಟು ಅಂತರ ಅನ್ನುವುದೇ ಮುಖ್ಯ. ಅದನ್ನು ಹೇಳುವ ಅಳತೆ ‘ರೀಚ್’. ಪೆಡಲ್ ಅಚ್ಚಿನಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆಯಿಂದ ಮುಂದಿನ ಹೆಡ್ ಟ್ಯೂಬಿನ (ಹ್ಯಾಂಡಲ್ ಕೂರುವ ಕೊಳವೆ) ಮೇಲಿನ ತುದಿಯವರೆಗೆ ಅಡ್ಡಕ್ಕೆ ಇರುವ ದೂರವೇ ರೀಚ್. ನಾನು ಐದಡಿ ಎಂಟಿಂಚು. 450 ಮಿ.ಮೀ. ಆಸುಪಾಸಿನ ರೀಚ್ ನನಗೆ ಹಿತ. ಮೊದಲು ಕೊಂಡಿದ್ದ ಎಲ್ ಸೈಜಿನದು 480 ಇತ್ತು. ತಿರುವಿನಲ್ಲಿ ಮುಂದಿನ ಚಕ್ರದ ಮೇಲೆ ಭಾರ ಹಾಕಬೇಕಾದರೆ ಹ್ಯಾಂಡಲ್ ಕಡೆಗೆ ತೆವಳಬೇಕಿತ್ತು. ಹಾಕದಿದ್ದರೆ ಜಲ್ಲಿಯ ಮೇಲೆ ಚಕ್ರ ಜಾರುತ್ತಿತ್ತು. ಮೊಣಕೈಯಲ್ಲಿ ಇನ್ನೂ ಗುರುತಿದೆ.

ಅಂಗಡಿಯಲ್ಲೇ ಹೀಗೆ ಮಾಡಿ. ಯಾರಾದರೂ ಹಿಂದಿನ ಚಕ್ರ ಹಿಡಿದುಕೊಳ್ಳಲಿ. ಸೀಟು ಪೂರ್ತಿ ಇಳಿಸಿ, ಎರಡು ಪೆಡಲೂ ಒಂದೇ ಮಟ್ಟದಲ್ಲಿಟ್ಟು ನಿಲ್ಲಿ. ಮಂಡಿ ಸ್ವಲ್ಪ ಮಡಚಿ, ಮೊಣಕೈ ಹೊರಗೆ, ಎದೆ ತಗ್ಗಿಸಿ. ಈಗ ಕೈ ಪೂರ್ತಿ ಚಾಚಿಕೊಂಡಿದ್ದರೆ ಸೈಕಲ್ ದೊಡ್ಡದು. ಮಂಡಿ ಹ್ಯಾಂಡಲ್‌ಗೆ ತಾಗುವಂತಿದ್ದರೆ ಚಿಕ್ಕದು. ಎರಡು ಸೈಜಿನ ನಡುವೆ ಸಿಕ್ಕಿಬಿದ್ದರೆ, ಇಕ್ಕಟ್ಟಿನ ತಿರುವುಗಳ ನಮ್ಮ ದಾರಿಗಳಿಗೆ ನಾನು ಚಿಕ್ಕದನ್ನೇ ಆರಿಸುತ್ತೇನೆ.

ಇನ್ನೆರಡು ಅಂಕಿ ನೋಡಿ. ಹೆಡ್ ಆ್ಯಂಗಲ್ ಅಂದರೆ ಮುಂದಿನ ಫೋರ್ಕು ಎಷ್ಟು ಮಲಗಿದೆ ಅನ್ನುವ ಕೋನ. 65, 66 ಡಿಗ್ರಿ ಇದ್ದರೆ ಎಲ್ಲದಕ್ಕೂ ಆಗುತ್ತದೆ. 68 ಇದ್ದರೆ ಕಡಿದಾದ ಇಳಿಜಾರಿನಲ್ಲಿ ತಲೆಕೆಳಗಾಗುವ ಭಯ, 63 ಇದ್ದರೆ ನಿಧಾನದ ಏರಿನಲ್ಲಿ ಮುಂದಿನ ಚಕ್ರ ಕುಡಿದವನ ಹಾಗೆ ಆ ಕಡೆ ಈ ಕಡೆ. ಸೀಟ್ ಆ್ಯಂಗಲ್ 76 ಡಿಗ್ರಿ ಅಥವಾ ಅದಕ್ಕಿಂತ ನೆಟ್ಟಗಿದ್ದರೆ ಏರಿನಲ್ಲಿ ನೀವು ಪೆಡಲ್‌ನ ನೇರ ಮೇಲೆ ಕೂರುತ್ತೀರಿ. ಹತ್ತು ವರ್ಷ ಹಳೆಯ ಸೈಕಲ್‌ಗಳಲ್ಲಿ ಇದು 73, 74 ಇರುವುದು ಮಾಮೂಲು. ಕೂತರೆ ಹಿಂದಕ್ಕೆ ವಾಲಿದ ಹಾಗಾಗುತ್ತದೆ, ಏರಿನಲ್ಲಿ ಮುಂದಿನ ಚಕ್ರ ಏಳುತ್ತದೆ.

4. ಹಿಂದಿನ ಲಿಂಕೇಜ್

ಹಿಂದಿನ ಚಕ್ರ ಆಡಲು ಫ್ರೇಮಿನಲ್ಲಿರುವ ಕೀಲುಗಳ ಜೋಡಣೆಯೇ ಲಿಂಕೇಜ್. ಹಾರ್ಸ್ಟ್ ಲಿಂಕ್, ವಿಪಿಪಿ, ಡಿಡಬ್ಲ್ಯು ಲಿಂಕ್, ಮೇಸ್ಟ್ರೊ, ಸಿಂಗಲ್ ಪಿವಟ್. ಒಂದೊಂದು ಕಂಪನಿಗೆ ಒಂದೊಂದು ಮಂತ್ರ. ಇದರ ಮೇಲೆ ರಾತ್ರಿಯಿಡೀ ವಾದ ಮಾಡುವವರಿದ್ದಾರೆ. ಇವತ್ತಿನ ಒಳ್ಳೆಯ ಸೈಕಲ್‌ಗಳಲ್ಲಿ ಎಲ್ಲವೂ ಸರಿಯಾಗಿಯೇ ಕೆಲಸ ಮಾಡುತ್ತವೆ. ಹೆಸರು ನೋಡಿ ಕೊಳ್ಳಬೇಡಿ.

ಕೇಳಬೇಕಾದ್ದು ಬೇರೆ: ಒಳಗೆ ಎಷ್ಟು ಬೇರಿಂಗ್ ಇವೆ, ಯಾವ ನಂಬರಿನವು? 6902, 6802 ಅಂತ ಮಾಮೂಲಿ ನಂಬರಾದರೆ ಪೇಟೆಯ ಬೇರಿಂಗ್ ಅಂಗಡಿಯಲ್ಲೇ ವಿಚಾರಿಸಬಹುದು. ಕಂಪನಿಯದ್ದೇ ವಿಶೇಷ ಅಳತೆಯ ಬುಷ್, ಬೋಲ್ಟ್ ಆದರೆ ಹೊರಗಿನಿಂದ ಬರುವವರೆಗೆ ಸೈಕಲ್ ಗೋಡೆಗೆ ಒರಗಿರಬೇಕು. ಹಾಗೆಯೇ ಗೇರ್ ಹ್ಯಾಂಗರ್. ಹಿಂದಿನ ಡಿರೇಲರ್ (ಚೈನು ಸರಿಸಿ ಗೇರ್ ಬದಲಿಸುವ ಭಾಗ) ಕಲ್ಲಿಗೆ ಬಡಿದಾಗ ಡಿರೇಲರ್ ಉಳಿಯಲಿ ಅಂತ ತಾನು ಬಾಗುವ ಸಣ್ಣ ಲೋಹದ ತುಂಡು ಅದು. ಹಿಂದೆ ಮಾಡೆಲ್‌ಗೊಂದು ಆಕಾರ ಇರುತ್ತಿತ್ತು. ಈಗ ಬಹಳ ಫ್ರೇಮ್‌ಗಳಲ್ಲಿ ಎಸ್‌ಆರ್‌ಎಎಂ ಕಂಪನಿಯ ‘ಯುಡಿಎಚ್’ ಅನ್ನುವ ಒಂದೇ ಆಕಾರ ಬರುತ್ತಿದೆ. ಅದಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಸೈಕಲ್ ಕೊಳ್ಳುವ ದಿನವೇ ಹ್ಯಾಂಗರ್ ಇನ್ನೊಂದು ಕೊಂಡು ಬ್ಯಾಗಿನಲ್ಲಿಡಿ. ಕೂರ್ಗಿನ ತೋಟದ ನಡುವೆ ಎಂಟು ಕಿಲೋಮೀಟರ್ ತಳ್ಳಿಕೊಂಡು ಬಂದವನ ಮಾತು ಇದು.

5. ದುಡ್ಡು ಎಲ್ಲಿ ಹಾಕಬೇಕು

ಅಂಗಡಿಯವರು ಮೊದಲು ತೋರಿಸುವುದು ಕಾರ್ಬನ್ ಫ್ರೇಮ್. ನಾನು ಅದನ್ನು ಪಟ್ಟಿಯ ಕೊನೆಗೆ ಹಾಕುತ್ತೇನೆ. ಅಲ್ಯೂಮಿನಿಯಂ ಟ್ರೈಲ್ ಸೈಕಲ್ 14, 15 ಕೆ.ಜಿ. ತೂಗುತ್ತದೆ. ಕಾರ್ಬನ್ ಆದರೆ ಒಂದೆರಡು ಕೆ.ಜಿ. ಇಳಿಯಬಹುದು. ನೀರಿನ ಬ್ಯಾಗಿನಲ್ಲೇ ಅಷ್ಟು ಹೊರುತ್ತೇವೆ.

ಮೊದಲು ಬ್ರೇಕು. ಹೈಡ್ರಾಲಿಕ್ ಡಿಸ್ಕ್ ಇರಲೇಬೇಕು. ಮುಂದೆ ನಾಲ್ಕು ಪಿಸ್ಟನ್‌ನ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ), 180 ಅಥವಾ 203 ಮಿ.ಮೀ. ರೋಟರ್ (ಆ ಡಿಸ್ಕ್) ಇದ್ದರೆ ಒಂದೇ ಬೆರಳಿನಲ್ಲಿ ನಿಲ್ಲುತ್ತದೆ. ಮಲೆನಾಡಿನ ಉದ್ದ ಇಳಿಜಾರಿನಲ್ಲಿ ಚಿಕ್ಕ ರೋಟರ್ ಕಾದು ವಾಸನೆ ಬರುತ್ತದೆ, ಲಿವರ್ ಮೆತ್ತಗಾಗುತ್ತದೆ. ಒಳಗೆ ಮಿನರಲ್ ಆಯಿಲ್ಲೋ ಡಾಟ್ ಆಯಿಲ್ಲೋ ಕೇಳಿಕೊಳ್ಳಿ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಸೀಲುಗಳು ಹಾಳು.

ಆಮೇಲೆ ಟೈರು. 2.4 ಇಂಚಿನ ಆಸುಪಾಸು, ಟ್ಯೂಬ್‌ಲೆಸ್. ಇದರಲ್ಲಿ ರಾಜಿ ಬೇಡ. ನಮ್ಮ ಬಯಲುಸೀಮೆಯಲ್ಲಿ ಜಾಲಿಮುಳ್ಳಿದೆ, ನೆಗ್ಗಿಲು ಮುಳ್ಳಿದೆ. ಟ್ಯೂಬ್ ಇದ್ದಾಗ ಒಂದೇ ಬೆಳಿಗ್ಗೆ ಮೂರು ಪಂಕ್ಚರ್ ಹಾಕಿದ ದಿನ ಉಂಟು. ಟ್ಯೂಬ್‌ಲೆಸ್ ಮಾಡಿ ಸೀಲೆಂಟ್ ಹಾಕಿದ ಮೇಲೆ ಮುಳ್ಳು ಕಿತ್ತರೆ ‘ಸುಸ್’ ಅಂತ ಬಿಳಿ ಹಾಲು ಬಂದು ತಾನೇ ನಿಲ್ಲುತ್ತದೆ. ನಮ್ಮ ಬಿಸಿಲಿಗೆ ಸೀಲೆಂಟ್ ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಿ. ಗಾಳಿಯೂ ಕಮ್ಮಿ ಸಾಕು. 75 ಕೆ.ಜಿ. ಇರುವವರು ಮುಂದೆ 22, ಹಿಂದೆ 25 ಪಿಎಸ್‌ಐನಿಂದ ಶುರು ಮಾಡಬಹುದು. ಕಲ್ಲಿನ ಹಾಗೆ ಗಟ್ಟಿಗೆ ಹೊಡೆಸಿದರೆ ಎರಡು ಲಕ್ಷದ ಸಸ್ಪೆನ್ಷನ್ ಸುಮ್ನೆ.

ಮೂರನೆಯದು ಡ್ರಾಪರ್ ಪೋಸ್ಟ್. ಹ್ಯಾಂಡಲ್ ಹತ್ತಿರದ ಗುಂಡಿ ಒತ್ತಿ ಸೀಟಿನ ಮೇಲೆ ಭಾರ ಹಾಕಿದರೆ ಅದು ಕೆಳಗೆ ಹೋಗುತ್ತದೆ, ಭಾರ ತೆಗೆದು ಮತ್ತೆ ಒತ್ತಿದರೆ ಮೇಲೆ ಬರುತ್ತದೆ. ಒಮ್ಮೆ ರೂಢಿಯಾದರೆ ಇದಿಲ್ಲದೆ ಕಾಡಿಗೆ ಹೋಗೋಕೆ ಮನಸ್ಸು ಬರಲ್ಲ. ಎಂ ಸೈಜಿಗೆ 150 ಮಿ.ಮೀ. ಇಳಿಯುವಂಥದ್ದು ನೋಡಿ.

ನಾಲ್ಕನೆಯದು ಗೇರು. ಮುಂದೆ ಒಂದು, ಹಿಂದೆ 12. ಶಿಮಾನೊ ಡಿಯೋರ್ ಧಾರಾಳ ಸಾಕು. ಅದರ 10-51 ಹಲ್ಲಿನ ಕ್ಯಾಸೆಟ್‌ಗೆ (ಹಿಂದಿನ ಹಲ್ಲು ಚಕ್ರಗಳ ಗೊಂಚಲು) ಮುಂದೆ 30 ಹಲ್ಲಿನ ರಿಂಗ್ ಹಾಕಿಸಿಕೊಂಡರೆ ಕಡಿದಾದ ಏರಿನಲ್ಲೂ ಕಾಲು ತಿರುಗುತ್ತದೆ. ಡಿಯೋರ್‌ಗಿಂತ ದುಬಾರಿ ಗೇರು ಅದೇ ಕಲ್ಲಿಗೆ ಬಡಿದು ಅಷ್ಟೇ ಬೇಗ ಮುರಿಯುತ್ತದೆ, ಬಿಲ್ಲು ಮಾತ್ರ ದೊಡ್ಡದು.

6. ಸೆಕೆಂಡ್ ಹ್ಯಾಂಡ್ ಆದರೆ

ಬೆಳಕಿರುವಾಗಲೇ ಹೋಗಿ. ತೊಳೆದು ಹೊಳೆಯುವ ಸೈಕಲ್ ಕಂಡು ಖುಷಿಪಡಬೇಡಿ, ಅನುಮಾನಪಡಿ.

ಮೊದಲು ಸೀಟಿನ ಹಿಂಭಾಗ ಹಿಡಿದು, ಹಿಂದಿನ ಚಕ್ರ ನೆಲದಿಂದ ಇನ್ನೇನು ಏಳಬೇಕು ಅನ್ನುವಷ್ಟು ನಿಧಾನಕ್ಕೆ ಎತ್ತಿ. ಚಕ್ರ ಏಳುವ ಮುಂಚೆ ಕೈಗೆ ‘ಟಕ್’ ಅಂತ ಸಣ್ಣ ಸಡಿಲ ಗೊತ್ತಾದರೆ ಪಿವಟ್ ಬೇರಿಂಗ್ ಅಥವಾ ಶಾಕ್‌ನ ಬುಷ್ ಸವೆದಿದೆ. ಬುಷ್ ಆದರೆ ಅಗ್ಗ. ಬೇರಿಂಗ್ ಎಲ್ಲಾ ಹೋಗಿದ್ದರೆ ಅಷ್ಟು ಹಣ ಬೆಲೆಯಲ್ಲಿ ಕಡಿಮೆ ಮಾಡಿಸಿ.

ಆಮೇಲೆ ಫೋರ್ಕಿನ ಮೇಲಿನ ಎರಡು ಹೊಳೆಯುವ ಕಾಲುಗಳು, ಸ್ಟ್ಯಾಂಷನ್ ಅನ್ನುತ್ತಾರೆ. ಬಟ್ಟೆಯಿಂದ ಒರೆಸಿ ಉಗುರಿನಿಂದ ಮೇಲಿಂದ ಕೆಳಗೆ ನಿಧಾನಕ್ಕೆ ಗೀರಿ. ಉಗುರು ಸಿಕ್ಕಿಕೊಳ್ಳುವ ಗೀರು ಇದ್ದರೆ ಅಲ್ಲಿಂದ ಎಣ್ಣೆ ಸೋರುತ್ತದೆ. ಕಣ್ಣಿಗೆ ಕಂಡರೂ ಉಗುರಿಗೆ ಸಿಗದ ಗುರುತಾದರೆ ಚಿಂತೆ ಇಲ್ಲ. ಹಿಂದಿನ ಶಾಕ್‌ನ ಕಡ್ಡಿಗೂ ಇದೇ ಪರೀಕ್ಷೆ. ಶಾಕ್ ಒತ್ತಿ ಬಿಟ್ಟಾಗ ‘ಪಚ ಪಚ’ ಸದ್ದು ಬಂದರೆ ಒಳಗೆ ಎಣ್ಣೆಗೆ ಗಾಳಿ ಸೇರಿರಬಹುದು, ಸರ್ವಿಸ್ ಮಾಡಿಸಬೇಕು.

ಫ್ರೇಮ್ ತಿರುಗಿಸಿ ಪೆಡಲ್ ಅಚ್ಚಿನ ಕೆಳಭಾಗ, ಬೆಸುಗೆಗಳ ಅಂಚು ನೋಡಿ. ಮೊಬೈಲ್ ಟಾರ್ಚ್ ಬಳಸಿ. ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಹಿಂದಿನ ಅಚ್ಚು 148 ಮಿ.ಮೀ. ಅಗಲದ ‘ಬೂಸ್ಟ್’ ಹೌದಾ ಕೇಳಿ. ಕೊನೆಗೆ ಬಿಲ್ಲು. ಬಿಲ್ಲಿಲ್ಲದೆ ಅರ್ಧ ಬೆಲೆಗೆ ಬರುವ ಸೈಕಲ್ ಯಾರದೋ ಮನೆಯಿಂದ ಹೋಗಿದ್ದಿರಬಹುದು.

7. ಓಡಿಸಿ ನೋಡುವುದು

ಅಂಗಡಿ ಮುಂದೆ ಎರಡು ಸುತ್ತು ಹಾಕಿದರೆ ಏನೂ ಗೊತ್ತಾಗಲ್ಲ. ಅಲ್ಲಿ ಎಲ್ಲಾ ಸೈಕಲ್ಲೂ ಚೆನ್ನಾಗಿರುತ್ತದೆ. ಡೆಮೊ ಕೊಡುವ ಅಂಗಡಿ ಇದ್ದರೆ ನಿಮಗೆ ಗೊತ್ತಿರುವ ದಾರಿಗೇ ತಗೊಂಡು ಹೋಗಿ. ಇಲ್ಲದಿದ್ದರೆ ಆ ಸೈಕಲ್ ಇರುವ ಗೆಳೆಯನಿಗೆ ದೋಸೆ ಕಾಫಿ ಕೊಡಿಸಿ, ಒಂದು ಬೆಳಿಗ್ಗೆ ಬದಲಾಯಿಸಿಕೊಳ್ಳಿ. ಕಾಡಿನ ಗೇಟಿನಲ್ಲಿ ಸೈಕಲ್ ಬಿಡುತ್ತಾರಾ, ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಒಂದೇ ಏರನ್ನು ಮೂರು ಸಲ ಕೂತು ಹತ್ತಿ. ಒಂದೇ ತಿರುವನ್ನು ಮೂರು ಸಲ ಇಳಿಯಿರಿ. ಹೊಸ ಜಾಗದಲ್ಲಿ ಹೊಸ ಸೈಕಲ್ ಓಡಿಸಿದರೆ ಒಳ್ಳೆಯದು ದಾರಿಯೋ ಸೈಕಲ್ಲೋ ತಿಳಿಯುವುದಿಲ್ಲ.

8. ಮನೆಗೆ ತಂದ ದಿನ

ಬಹಳ ಜನ ಇಲ್ಲೇ ಎಡವುತ್ತಾರೆ. ಅಂಗಡಿಯವರು ತುಂಬಿಸಿಕೊಟ್ಟ ಗಾಳಿಯಲ್ಲೇ ವರ್ಷವಿಡೀ ಓಡಿಸಿ “ಈ ಸೈಕಲ್ ಯಾಕೋ ಸರಿ ಇಲ್ಲ” ಅನ್ನುತ್ತಾರೆ. ಶಾಕ್ ಪಂಪ್ ಒಂದು ಕೊಳ್ಳಿ. ಟೈರಿನ ಪಂಪ್ ಇದಕ್ಕೆ ಆಗಲ್ಲ.

ನೋಡಬೇಕಾದ್ದು ‘ಸ್ಯಾಗ್’. ನೀವು ಸುಮ್ಮನೆ ಕೂತಾಗ ಶಾಕ್ ಎಷ್ಟು ಕುಗ್ಗುತ್ತದೆ ಅನ್ನುವ ಲೆಕ್ಕ. ಶುರುವಿಗೆ ನಿಮ್ಮ ತೂಕ ಪೌಂಡ್‌ನಲ್ಲಿ ಎಷ್ಟೋ ಅಷ್ಟು ಪಿಎಸ್‌ಐ ತುಂಬಿಸಿ. 75 ಕೆ.ಜಿ. ಅಂದರೆ 165. ಇದು ಅಂದಾಜು ಅಷ್ಟೇ, ಸೈಕಲ್‌ನಿಂದ ಸೈಕಲ್‌ಗೆ ಬದಲಾಗುತ್ತದೆ. ಶಾಕ್ ಆಡದಂತೆ ಹಿಡಿಯುವ ಲಾಕ್ ಲಿವರ್ ತೆರೆದಿರಲಿ. ಶೂ, ಹೆಲ್ಮೆಟ್, ತುಂಬಿದ ನೀರಿನ ಬ್ಯಾಗು ಹಾಕಿಕೊಂಡು ಗೋಡೆಗೆ ಒರಗಿ ಸೀಟಿನ ಮೇಲೆ ಕೂರಿ. ನಾಲ್ಕೈದು ಸಲ ಕುಲುಕಿ ಸ್ಥಿರವಾಗಿ. ಶಾಕ್‌ನ ಕಡ್ಡಿಯ ಮೇಲೆ ಕಪ್ಪು ರಬ್ಬರ್ ಉಂಗುರ ಇರುತ್ತದೆ, ಅದನ್ನು ಸೀಲಿನವರೆಗೆ ತಳ್ಳಿ. ಮತ್ತೆ ಕುಲುಕದೆ ಕಳ್ಳನ ಹಾಗೆ ಮೆಲ್ಲಗೆ ಇಳಿಯಿರಿ. ಉಂಗುರ ಸೀಲಿನಿಂದ ಎಷ್ಟು ದೂರ ನಿಂತಿದೆ ಅಳೆಯಿರಿ. ಶಾಕ್‌ನ ಸ್ಟ್ರೋಕ್ (ಅದು ಒಟ್ಟು ಕುಗ್ಗಬಲ್ಲ ಉದ್ದ) 50 ಮಿ.ಮೀ. ಇದ್ದರೆ 15 ಮಿ.ಮೀ. ಬರಬೇಕು. ಅದು 30 ಪರ್ಸೆಂಟ್. ಜಾಸ್ತಿ ಬಂದರೆ ಗಾಳಿ ಹೊಡೆಯಿರಿ, ಕಮ್ಮಿ ಬಂದರೆ ಸ್ವಲ್ಪ ಗಾಳಿ ಹೊರಗೆ ಬಿಡಿ. ಫೋರ್ಕಿಗೆ ಪೆಡಲ್ ಮೇಲೆ ನಿಂತು ಇದೇ ರೀತಿ, 15ರಿಂದ 20 ಪರ್ಸೆಂಟ್.

ಇನ್ನು ಕೆಂಪು ತಿರುಗಣೆ, ರೀಬೌಂಡ್. ಕುಗ್ಗಿದ ಶಾಕ್ ಎಷ್ಟು ಬೇಗ ಮೇಲೆ ಬರಬೇಕು ಅನ್ನುವುದು ಇದರ ಕೈಯಲ್ಲಿದೆ. ಕೂತುಕೊಂಡೇ ರಸ್ತೆಯ ಅಂಚಿನಿಂದ ಕೆಳಗಿಳಿಸಿ. ಕುಗ್ಗಿ, ಒಮ್ಮೆ ಮೇಲೆ ಬಂದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಆಮೆಯ ಚಿತ್ರದ ಕಡೆಗೆ ಒಂದೊಂದೇ ಕ್ಲಿಕ್ ತಿರುಗಿಸಿ. ಬರೆದಿಟ್ಟುಕೊಳ್ಳಿ, ನೆನಪಿರಲ್ಲ.

ಸರ್ವಿಸ್ ಬಗ್ಗೆ ಒಂದು ಮಾತು. ಬಹಳ ಫೋರ್ಕ್‌ಗಳಿಗೆ ಸುಮಾರು 50 ಗಂಟೆ ಸವಾರಿಗೊಮ್ಮೆ ಕೆಳಗಿನ ಕಾಲುಗಳ ಎಣ್ಣೆ ಬದಲಿಸಬೇಕು. ವಾರಕ್ಕೆ ಎರಡು ಗಂಟೆ ಹೊಡೆಯುವವರಿಗೆ ಇದು ಆರು ತಿಂಗಳು. ನಿಮ್ಮೂರಲ್ಲಿ ಈ ಕೆಲಸ ಬಲ್ಲವರು ಯಾರು ಅಂತ ಕೊಳ್ಳುವ ಮುಂಚೆಯೇ ವಿಚಾರಿಸಿ. ಮಳೆಗಾಲದ ಕೆಸರಾದ ಮೇಲೆ ಬೈಕ್ ವಾಷಿಂಗ್‌ನವರ ಪ್ರೆಷರ್ ಪೈಪಿಗೆ ಕೊಡಬೇಡಿ, ಬೇರಿಂಗಿನ ಗ್ರೀಸೆಲ್ಲ ಹೊರಗೆ ಬರುತ್ತದೆ. ಬಕೆಟ್ಟು, ಚೊಂಬು, ಹಳೆಯ ಬ್ರಷ್ಷು ಸಾಕು.

ಶನಿವಾರ ರಾತ್ರಿ ನಾನು ಇನ್ನೊಂದು ಮಾಡುತ್ತೇನೆ. ಸೈಕಲನ್ನು ಹತ್ತು ನಿಮಿಷ ತಲೆಕೆಳಗಾಗಿ ನಿಲ್ಲಿಸುತ್ತೇನೆ. ಫೋರ್ಕಿನ ತಳದಲ್ಲಿರುವ ಎಣ್ಣೆ ಇಳಿದು ಸೀಲಿನ ಕೆಳಗಿರುವ ಸ್ಪಾಂಜಿನ ಉಂಗುರಗಳನ್ನು ನೆನೆಸುತ್ತದೆ. ನೇರ ಮಾಡಿ, ಬ್ರೇಕು ನಾಲ್ಕೈದು ಸಲ ಹಿಡಿದು ಗಟ್ಟಿಯಾಗಿದೆಯಾ ನೋಡಿ ಮಲಗುತ್ತೇನೆ. ಬೆಳಿಗ್ಗೆ ಮನೆ ಮುಂದಿನ ಹಂಪ್ ದಾಟುವಾಗಲೇ ಫೋರ್ಕು ಬೆಣ್ಣೆಯಂತೆ ಆಡುವುದು ಕೈಗೆ ಗೊತ್ತಾಗುತ್ತದೆ.